ಫೋಟೋದ ಮೂಲೆಯಲ್ಲಿದ್ದ ಮೂಗು

ಆ ಟಗರು ಎಡಕ್ಕೆ ಮಾತ್ರ ತಿರುಗುತ್ತಿತ್ತು.

ಹೋದ ವರ್ಷದ ಯುಗಾದಿಯ ದಿನ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿರುವ ನನ್ನ ಅಣ್ಣನ ಮನೆ. ಹಿತ್ತಲಿನ ಹುಣಸೆ ಮರದ ಕೆಳಗೆ ವರ್ಷ ತುಂಬಿದ ಕೆಂಚು ಬಣ್ಣದ ಟಗರೊಂದು ತಲೆಯನ್ನು ಓರೆ ಮಾಡಿಕೊಂಡು ಸುತ್ತು ಹಾಕುತ್ತಿತ್ತು. ಓಡುತ್ತಿರಲಿಲ್ಲ. ಹೆದರಿದ ಹಾಗೂ ಇರಲಿಲ್ಲ. ಯಾವುದೋ ಕೆಲಸ ಒಪ್ಪಿಕೊಂಡ ಹಾಗೆ ನಿಧಾನವಾಗಿ, ಒಂದೇ ಸಮ, ಎಡಕ್ಕೆ. ನಾನು ಒಂದು ಲೋಟ ಕಾಫಿ ಮುಗಿಸುವಷ್ಟರಲ್ಲಿ ಇಪ್ಪತ್ತಾರು ಸುತ್ತು. (ಎಣಿಸಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಿಗೆ ಅದೊಂದು ಚಟ.) ಬಲಗಣ್ಣಿನ ಮುಂದೆ ಸೊಪ್ಪು ಹಿಡಿದೆ. ಕಾಣಿಸಲಿಲ್ಲ. ಎಡಗಣ್ಣಿನ ಮುಂದೆ ಹಿಡಿದೆ. ಬಾಯಿ ಹಾಕಿತು.

"ಯಾವಾಗ್ನಿಂದ ಹಿಂಗೆ ಅತ್ತಿಗೆ?"

"ಶಿವರಾತ್ರಿ ಕಳೆದ್ಮೇಲೆ ಶುರುವಾಯ್ತು ಕಣಮ್ಮ. ಮೇವಿನ ಕಡೆ ಮುಖ ಮಾಡಿ ನಿಲ್ಸಿದ್ರೆ ನಾಕು ಬಾಯಿ ತಿಂತದೆ. ಆಮೇಲೆ ಮತ್ತೆ ಅದರ ರೌಂಡು ಅದಕ್ಕೆ."

ನನ್ನ ಅತ್ತಿಗೆ ರತ್ನಮ್ಮನಿಗೆ ಆಗ ಹದಿನಾಲ್ಕು ಕುರಿ. ಮದುವೆಯಾದ ಹೊಸದರಲ್ಲಿ ತವರಿನಿಂದ ಎರಡು ಹೆಣ್ಣು ಮರಿ ತಂದವರು. ಹೊಲ ಅಣ್ಣನದು, ಮನೆ ಅಣ್ಣನದು, ಏರ್‌ಪೋರ್ಟ್ ಹತ್ತಿರದ ಗೋಡೌನಿನ ಸೆಕ್ಯೂರಿಟಿ ಕೆಲಸವೂ ಅಣ್ಣನದು. ಕುರಿ ಮಾತ್ರ ಅತ್ತಿಗೆಯದು. ಮನೆಯಲ್ಲಿ ಅವರ ಮಾತಿಗೆ ಇರುವ ತೂಕದಲ್ಲಿ ಅರ್ಧ ಆ ಕುರಿಗಳದು ಎಂದರೆ ತಪ್ಪಲ್ಲ.

ನಾವು ಮಾತಾಡುತ್ತಿದ್ದಾಗಲೇ ತಲೆಯ ಮೇಲೆ ವಿಮಾನವೊಂದು ಚಕ್ರ ಇಳಿಬಿಟ್ಟುಕೊಂಡು ಹೋಯಿತು. ಪಕ್ಕದ ಮನೆಯ ಮುನಿರಾಜಣ್ಣ ಬೇಲಿಯ ಆಚೆಯಿಂದ ಅದಕ್ಕೆ ಕೈ ತೋರಿಸಿದರು.

"ಇನ್ನೇನಾಯ್ತದೆ ಟೀಚರಮ್ಮ? ಹಗಲೂ ರಾತ್ರಿ ಈ ಸದ್ದು. ನಮಗೇ ತಲೆ ಕೆಡ್ತದೆ. ಕುರಿ ಪಾಪ ಎಲ್ಲೋಗಿ ಹೇಳ್ಕೊಳ್ತದೆ?"

ನನಗೆ ಅದು ಸರಿ ಅನ್ನಿಸಿತು. ಅನ್ನಿಸದೆ ಇನ್ನೇನು? ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಕೋಳಿ ಕಾವಿಗೆ ಕೂರದಿದ್ದರೂ ವಿಮಾನ, ಹಸು ಒದ್ದರೂ ವಿಮಾನ, ಅಳಿಯನಿಗೆ ಬಿಪಿ ಬಂದರೂ ವಿಮಾನ. (ಬಿಪಿ ಬಂದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಅವನ್ನು ಇಲ್ಲಿ ಬರೆಯುವಂತಿಲ್ಲ.)

ಮಾರನೆಯ ದಿನ ಹೊಸತೊಡಕು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು. ಯುಗಾದಿಯ ದಿನ ಒಬ್ಬಟ್ಟು, ಮಾರನೆಯ ದಿನ ಬಾಡು. ಏಳೆಂಟು ಮನೆಯವರು ಸೇರಿ ಕುರಿ ಕೊಯ್ಯುತ್ತಾರೆ. ಮಾಂಸವನ್ನು ತುಂಡು ಮಾಡಿ, ಬಾಳೆ ಎಲೆಗಳ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಇಷ್ಟು ಮೂಳೆ, ಇಷ್ಟು ಈಲಿ (ಲಿವರ್), ಇಷ್ಟು ಕೊಬ್ಬು. ಯಾರೂ ಮುಖ ಸಿಂಡರಿಸಬಾರದು. ತಲೆಯೊಂದನ್ನು ಮಾತ್ರ ಗುಡ್ಡೆಗೆ ಹಂಚಲಾಗುವುದಿಲ್ಲ. ಅದು ಸರದಿಯ ಮೇಲೆ ಒಂದೊಂದು ವರ್ಷ ಒಂದೊಂದು ಮನೆಗೆ.

ಆ ವರ್ಷ ಸುತ್ತುವ ಟಗರನ್ನೇ ಕೊಯ್ಯುವುದೆಂದಾಯಿತು. ಹೇಗೂ ಉಳಿಯುವುದಿಲ್ಲ. ಮಾಂಸ ಚೆನ್ನಾಗಿಯೇ ಇತ್ತು. ತಲೆಯ ಸರದಿ ಅಣ್ಣನ ಮನೆಯದು.

"ನಂಗೆ ಬ್ಯಾಡಪ್ಪ," ಎಂದರು ಅತ್ತಿಗೆ. "ಅದರ ಮುಖ ನೋಡ್ಕೊಂಡು ಸಾರು ಮಾಡಕ್ಕಾಗಲ್ಲ."

"ಇನ್ಯಾರಿಗಾದ್ರೂ?" ಎಂದು ಮುನಿರಾಜಣ್ಣ ಎಲ್ಲರ ಕಡೆ ನೋಡಿದರು. ಗುಡ್ಡೆ ಹಾಕುವ ಯಜಮಾನಿಕೆ ಅವರದು.

"ಅದನ್ ತಿಂದು ನಾನೂ ರೌಂಡ್ ಹೊಡೀಲಾ?" ಎಂದರು ಯಾರೋ. ಎಲ್ಲರೂ ನಕ್ಕರು. ಮುನಿರಾಜಣ್ಣ ತಲೆಯನ್ನು ಒಂದು ಬಾಂಡಲಿಗೆ ಹಾಕಿ ನನ್ನ ಕೈಗೆ ಕೊಟ್ಟರು. "ಎಲ್ಲಾದ್ರೂ ಬಿಸಾಕಮ್ಮ."

ಇಲ್ಲಿಂದ ಮುಂದೆ ನಡೆದದ್ದನ್ನು ನಿಧಾನವಾಗಿ ಹೇಳುತ್ತೇನೆ. ಏಕೆಂದರೆ ಅದನ್ನು ಮಾಡಿದವಳು ನಾನು.

ಬಾಂಡಲಿ ಹಿಡಿದು ಹಿತ್ತಲಿನ ತುದಿಗೆ ಹೋದೆ. ಹಿಂದೆಯೇ ಬುಲೆಟ್ ಬಂತು. ಬುಲೆಟ್ ಅತ್ತಿಗೆಯ ನಾಯಿ. ಕಂದು ಬಣ್ಣ, ಒಂದು ಕಿವಿ ಸೀಳಿದೆ, ಕುರಿಗಳ ಜೊತೆ ಹೋಗಿ ಕುರಿಗಳ ಜೊತೆಯೇ ಬರುತ್ತದೆ. ಹಬ್ಬದ ದಿನ ಅದಕ್ಕೂ ಏನಾದರೂ ಬೇಡವೇ? ತಲೆಯನ್ನು ಎಸೆದೆ. ಅದು ಮೂಸಿತು, ನೆಕ್ಕಿತು, ಬುರುಡೆ ಕಚ್ಚಲಾರದೆ ನನ್ನ ಮುಖ ನೋಡಿತು. ನಾನು ಒಳಗೆ ಹೋಗಿ ಮಚ್ಚು ತಂದೆ. ಮಚ್ಚಿನ ಹಿಂಬದಿಯಿಂದ ಮೂರು ಏಟು. ಬುರುಡೆ ಬಿಟ್ಟುಕೊಂಡಿತು.

ಮಿದುಳಿನ ಎಡಭಾಗದಲ್ಲಿ ನೀರಿನ ಚೀಲವೊಂದು ಕೂತಿತ್ತು.

ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕದು. ತೆಳ್ಳಗಿನ ಪೊರೆ, ಒಳಗೆ ತಿಳಿ ನೀರು. ಪೊರೆಯ ಒಳಮೈಗೆ ಅಕ್ಕಿ ನುಚ್ಚು ಅಂಟಿಸಿದ ಹಾಗೆ ಬಿಳಿ ಚುಕ್ಕಿಗಳು, ಗುಂಪು ಗುಂಪಾಗಿ. ನನಗೆ ಅಸಹ್ಯವಾಗಲಿಲ್ಲ. ಕುತೂಹಲವಾಯಿತು. ಜೇಬಿನಿಂದ (ಚೂಡಿದಾರಕ್ಕೆ ಜೇಬು ಹೊಲಿಸಿಕೊಂಡಿದ್ದೇನೆ, ನೀವೂ ಹೊಲಿಸಿಕೊಳ್ಳಿ) ಫೋನ್ ತೆಗೆದು ಒಂದು ಫೋಟೋ ಹೊಡೆದೆ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಟೀಚರಿಗೆ ತೋರಿಸಿದರಾಯಿತು ಎಂದುಕೊಂಡೆ. ಆಮೇಲೆ ಪಕ್ಕಕ್ಕೆ ಸರಿದೆ. ಬುಲೆಟ್ ಎಲ್ಲವನ್ನೂ ತಿಂದಿತು. ಚೀಲವನ್ನೂ.

ಎರಡು ವಾರದ ನಂತರ ಪತ್ರಿಕೆಯ ಇದೇ ಜಾಗದಲ್ಲಿ ಒಂದು ಅಂಕಣ ಬರೆದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ವಿಮಾನದ ಸದ್ದಿಗೆ ಕುರಿಯ ತಲೆಯೊಳಗೆ ನೀರು ತುಂಬಿಕೊಂಡ ಕಥೆ. ನೆಲವನ್ನು ಮಾತ್ರವಲ್ಲ, ನೆಲದ ಮೇಲಿನ ಮೂಕಪ್ರಾಣಿಯ ನೆಮ್ಮದಿಯನ್ನೂ ಕಿತ್ತುಕೊಂಡರು ಎಂದು ಬರೆದಿದ್ದೆ. ಚೆನ್ನಾಗಿಯೇ ಬರೆದಿದ್ದೆ. ಅಷ್ಟು ಫೋನು ಹಿಂದೆಂದೂ ಬಂದಿರಲಿಲ್ಲ. ಹೊಸಕೋಟೆಯಿಂದ ಒಬ್ಬರು ಅತ್ತೇಬಿಟ್ಟರು. ಅತ್ತಿಗೆ ಆ ಹಾಳೆಯನ್ನು ಕತ್ತರಿಸಿ, ಮಡಿಸಿ, ದೇವರ ಗೂಡಿನಲ್ಲಿ ಇಟ್ಟುಕೊಂಡರು.

ಅದರಲ್ಲಿ ನೆಲದ ಮಾತು ಸುಳ್ಳಲ್ಲ. ಅದನ್ನು ಇವತ್ತೂ ಬರೆಯುತ್ತೇನೆ. ಕುರಿಯ ಮಾತು ಮಾತ್ರ ನಾನು ಯಾರನ್ನೂ ಕೇಳದೆ ಬರೆದದ್ದು.

ದೀಪಾವಳಿ ಕಳೆದು ಒಂದು ವಾರಕ್ಕೆ ಅತ್ತಿಗೆಯ ಫೋನು.

"ಗಿರಿಜಾ, ಮೂರ್ ಮರಿ ತಿರುಗ್ತಾ ಅವೆ."

ಎರಡು ಎಡಕ್ಕೆ, ಒಂದು ಬಲಕ್ಕೆ. ನಾನು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋಗುವಷ್ಟರಲ್ಲಿ ಬಲಕ್ಕೆ ತಿರುಗುತ್ತಿದ್ದುದು ಸತ್ತಿತ್ತು. ಉಳಿದೆರಡು ಅದೇ ಹುಣಸೆ ಮರದ ಕೆಳಗೆ, ಹೆಚ್ಚು ಕಡಿಮೆ ಅದೇ ಸುತ್ತಿನಲ್ಲಿ. ಅತ್ತಿಗೆ ಆಗಲೇ ತೀರ್ಮಾನ ಮಾಡಿಯಾಗಿತ್ತು.

"ಎಲ್ಲಾ ಕೊಟ್ಬಿಡ್ತೀನಿ ಕಣಮ್ಮ. ಇಲ್ಲೇ ವಿಜಯಪುರದ ವ್ಯಾಪಾರಿ ಗುರುವಾರ ಗಾಡಿ ತರ್ತಾನಂತೆ. ನೀನೇ ಬರ್ದಿದ್ದೀಯಲ್ಲ. ವಿಮಾನ ನಿಲ್ಸಕ್ಕಾಗ್ತದಾ? ಕುರಿನಾದ್ರೂ ನಿಲ್ಸಬೋದು."

ನೀನೇ ಬರೆದಿದ್ದೀಯಲ್ಲ. ಅವರು ದೂರಿ ಹೇಳಿದ್ದಲ್ಲ. ನಂಬಿ ಹೇಳಿದ್ದು.

ಸಮಾಧಾನವಾಗಲಿಲ್ಲ. ಒಂದು ಮರಿಯನ್ನು ಆಟೋದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಹೊಸದಾಗಿ ಬಂದ ಡಾಕ್ಟರಮ್ಮ, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು. ಮರಿಯ ತಲೆಯನ್ನು ಬೆರಳಿನಿಂದ ಒತ್ತುತ್ತಾ ಬಂದವರು ಒಂದು ಕಡೆ ನಿಂತರು.

"ಇಲ್ಲಿ ಮುಟ್ಟಿ ನೋಡಿ ಮೇಡಂ."

ಮುಟ್ಟಿದೆ. ಬುರುಡೆ ನೀರಿನ ಬಾಟಲಿಯ ಹಾಗೆ ಒಳಕ್ಕೆ ಹೋಗಿ ಮತ್ತೆ ಮೇಲೆ ಬಂತು. ಈಗ ಬರೆಯುವಾಗಲೂ ಆ ಬೆರಳಿಗೆ ಅದು ನೆನಪಿದೆ.

"ಇದು ಲಾಡಿಹುಳದ ಮರಿ. ಮಿದುಳಲ್ಲಿ ನೀರಿನ ಗುಳ್ಳೆ ಮಾಡ್ಕೊಂಡು ಕೂತಿರತ್ತೆ. ಯಾವ ಕಡೆ ಕೂತಿದ್ಯೋ ಸಾಮಾನ್ಯವಾಗಿ ಆ ಕಡೆಗೇ ಸುತ್ತತ್ತೆ."

"ವಿಮಾನದ ಸದ್ದು..." ಎಂದೆ.

ಅವರು ನಗಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯವರು. "ವಿಮಾನ ಇಲ್ಲದ ಊರಲ್ಲೂ ಸುತ್ತತ್ತೆ ಮೇಡಂ. ನಾನು ಓದಿದ ಕಡೆ ಬಸ್ಸೇ ಸರಿಯಾಗಿ ಬರ್ತಿರ್ಲಿಲ್ಲ. ಅಲ್ಲೂ ನೋಡಿದ್ದೀನಿ. ಮೊದಲು ಯಾವುದಕ್ಕಾದ್ರೂ ಹಿಂಗೆ ಆಗಿತ್ತಾ?"

ಆಗಿತ್ತು ಎಂದೆ. ಫೋಟೋ ಇದೆ ಎಂದೆ. ಹೆಮ್ಮೆಯಿಂದಲೇ ತೋರಿಸಿದೆ ಎಂದು ಕಾಣುತ್ತದೆ. ಅವರು ಎರಡು ಬೆರಳಿನಲ್ಲಿ ಹಿಗ್ಗಿಸಿ ಚೀಲ ನೋಡಿದರು, ಚುಕ್ಕಿ ನೋಡಿದರು. "ಈ ಒಂದೊಂದು ಚುಕ್ಕಿಯೂ ಒಂದೊಂದು ಹುಳ ಆಗಬಲ್ಲದು," ಎಂದರು. ಆಮೇಲೆ ಫೋಟೋವನ್ನು ಬಲಗಡೆಯ ಕೆಳಮೂಲೆಗೆ ಸರಿಸಿದರು.

"ಇದು ಯಾರ ಮೂಗು?"

ಏಳು ತಿಂಗಳು ನನ್ನ ಫೋನಿನಲ್ಲೇ ಇದ್ದ ಫೋಟೋ. ಎಷ್ಟು ಜನಕ್ಕೆ ತೋರಿಸಿದ್ದೆ. ಆ ಮೂಲೆಯನ್ನು ನಾನು ನೋಡಿರಲೇ ಇಲ್ಲ. ಕಪ್ಪಗೆ, ಒದ್ದೆಯಾಗಿ, ಕಾಯುತ್ತಿರುವ ಒಂದು ಮೂಗು.

ಅವರು ಒಂದು ಹಳೆಯ ಲೆಟರ್‌ಹೆಡ್ಡಿನ ಹಿಂಬದಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಬಾಣ ಹಾಕುತ್ತಾ ಬರೆದು ತೋರಿಸಿದರು. ಕುರಿಯ ತಲೆಯ ಗುಳ್ಳೆಯನ್ನು ನಾಯಿ ತಿನ್ನುತ್ತದೆ. ನಾಯಿಯ ಹೊಟ್ಟೆಯಲ್ಲಿ ಅದು ಲಾಡಿಹುಳವಾಗಿ ಬೆಳೆಯುತ್ತದೆ. ನಾಯಿಗೆ ಏನೂ ತೊಂದರೆ ಕಾಣುವುದಿಲ್ಲ. ಬಾಲ ಅಲ್ಲಾಡಿಸಿಕೊಂಡೇ ಇರುತ್ತದೆ. ಅದು ಹೇಲುವ ಕಡೆಯೆಲ್ಲ ಮೊಟ್ಟೆ. ಆ ಹುಲ್ಲನ್ನು ಕುರಿಮರಿ ಮೇಯುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಹುಳ ರಕ್ತದಲ್ಲಿ ಹೊರಟು ಮಿದುಳು ಸೇರುತ್ತದೆ. ಕೆಲವು ತಿಂಗಳಲ್ಲಿ ಕುರಿಮರಿ ಸುತ್ತಲು ಶುರು. ಆಗ ನಾವು ಅದನ್ನು ಕೊಯ್ದು, ಯಾರಿಗೂ ಬೇಡದ ತಲೆಯನ್ನು ಮತ್ತೆ ನಾಯಿಗೆ ಹಾಕುತ್ತೇವೆ.

"ಎಲ್ಲಕ್ಕಿಂತ ಸುಲಭವಾಗಿ ಇದನ್ನ ಒಂದು ಕಡೆ ನಿಲ್ಸಬೋದು," ಎಂದು ಅವರು ಆ ಕೊನೆಯ ಬಾಣದ ಮೇಲೆ ಪೆನ್ನು ಇಟ್ಟರು. "ಇಲ್ಲಿ."

ಆ ಬಾಣ ನಾನು. ಮಚ್ಚು ಹಿಡಿದುಕೊಂಡು.

"ಮೂರೂ ಅದರಿಂದಲೇ ಬಂದದ್ದಾ?" ಎಂದು ಕೇಳಿದೆ. ಇಲ್ಲ ಎನ್ನಲಿ ಎಂಬ ಆಸೆಯಿತ್ತು.

"ನೂರಕ್ಕೆ ನೂರು ಹೇಳಕ್ಕಾಗಲ್ಲ. ಆ ಟಗರಿಗೆ ಮೊದಲು ಯಾವ ನಾಯಿಯಿಂದ ಬಂತೋ ಗೊತ್ತಿಲ್ಲ. ನಾಯಿಯ ಹೇಲು ತನ್ನಿ, ಮೈಕ್ರೋಸ್ಕೋಪಲ್ಲಿ ನೋಡೋಣ."

ಅವತ್ತು ಮನೆಗೆ ಹೋಗಿ ಅತ್ತಿಗೆಗೆ ಹೇಳಿದ್ದು ಇಷ್ಟು: ಇದು ವಿಮಾನದ್ದಲ್ಲ, ಸುತ್ತುವ ಕುರಿಯ ತಲೆ ತಿಂದ ನಾಯಿಯಿಂದ ಬರುವ ಹುಳದ್ದು. ಅಷ್ಟೂ ನಿಜ. ನಾನು ಹೇಳದೆ ಬಿಟ್ಟದ್ದೂ ಅಷ್ಟೇ ನಿಜ.

ಅಣ್ಣ ಎದ್ದು ನಿಂತರು. "ನಾಯಿದಾ? ಹಂಗಾದ್ರೆ ಕುರಿ ಯಾಕೆ ಮಾರ್ಬೇಕು? ಇದನ್ನ ನಾಳೆ ಡ್ಯೂಟಿಗೆ ಹೋಗುವಾಗ ಗೋಣಿಚೀಲಕ್ಕೆ ಹಾಕಿ ಹೈವೇ ಪಕ್ಕ ಬಿಟ್ಬತ್ತೀನಿ."

"ಬುಲೆಟ್ ಹೋದ್ರೆ ಕುರಿ ಕಾಯೋರ್ಯಾರು? ನೀವಾ?" ಎಂದರು ಅತ್ತಿಗೆ. "ಅದೂ ಬ್ಯಾಡ, ಇದೂ ಬ್ಯಾಡ. ಕುರಿ ಹೋಗ್ಲಿ. ನಾಯಿ ಇರ್ಲಿ."

ನಾನು ಅಲ್ಲೇ ಕೂತಿದ್ದೆ. ಬುಲೆಟ್ ಹೊಸ್ತಿಲ ಹತ್ತಿರ ಮಲಗಿತ್ತು. ಹೈವೇ ಪಕ್ಕ ಬಿಟ್ಟ ನಾಯಿಗಳು ಏನಾಗುತ್ತವೆಂದು ದೇವನಹಳ್ಳಿಯಲ್ಲಿ ಮನೆ ಮಾಡಿರುವ ನನಗೆ ಗೊತ್ತು. ವಾರಕ್ಕೊಂದನ್ನಾದರೂ ನೋಡುತ್ತೇನೆ. ಆದರೂ ತಲೆ ಹಾಕಿದವಳು ನಾನು ಎನ್ನಲಿಲ್ಲ. ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಆ ಸಾಲಿಗೆ ಗುರುತು ಹಾಕಿ ಎಂದು. ಹೇಳುವುದಕ್ಕೇನು?

"ಯಾರ್ ಹಾಕಿದ್ರೋ ಇದಕ್ಕೆ ಆ ತಲೇನ," ಎಂದರು ಅಣ್ಣ.

"ಯಾರೋ ಹಾಕಿರ್ತಾರೆ ಬಿಡಿ. ತಾನೇ ಕದ್ದಿರ್ತದೆ," ಎಂದರು ಅತ್ತಿಗೆ. ಆಮೇಲೆ ತಾವೇ ತಿದ್ದಿಕೊಂಡರು. "ಕದ್ರೂ, ಬುರುಡೆ ಒಡ್ಕಂಡು ತಿನ್ನಕ್ಕೆ ಅದಕ್ಕೇನು ಕೈ ಇದ್ವಾ?"

ಆಗ ಹೇಳಿದೆ. ಎಲ್ಲವನ್ನೂ, ಮೂರು ಏಟು ಎಂಬುದನ್ನೂ ಸೇರಿಸಿ. ಫೋಟೋ ತೆಗೆದು ಮೂಗನ್ನು ತೋರಿಸಿದೆ.

ಅಣ್ಣ ಬೈಯಲಿಲ್ಲ. ತಂಗಿ, ಟೀಚರು, ಪೇಪರಿನಲ್ಲಿ ಬರೆಯುವವಳು. ಬೈಯುವುದಕ್ಕೆ ಮೂರು ಅಡ್ಡಿ. ಅತ್ತಿಗೆಗೆ ಅಂಥ ಅಡ್ಡಿಗಳಿಲ್ಲ. ಆದರೆ ಅವರೂ ಬೈಯಲಿಲ್ಲ. ಫೋಟೋವನ್ನು ತುಂಬಾ ಹೊತ್ತು ನೋಡಿದರು.

"ಈ ಚೀಲ ನೋಡಿ ನಿಂಗೆ ಏನೂ ಅನ್ನಿಸ್ಲಿಲ್ವಾ ಗಿರಿಜಾ?"

"ಬರೀಬೇಕು ಅನ್ನಿಸ್ತು ಅತ್ತಿಗೆ."

ಅವರು ಎದ್ದು ಒಳಗೆ ಹೋದರು. ದೇವರ ಗೂಡಿನಿಂದ ಆ ಮಡಿಸಿದ ಹಾಳೆಯನ್ನು ತಂದು ನನ್ನ ಕೈಗಿತ್ತರು. "ತಗೋ. ಡಾಕ್ಟ್ರು ಕೇಳಿದ್ರಲ್ಲ, ಇದರಲ್ಲೇ ಕಟ್ಕೊಂಡು ಹೋಗು."

ಹಾಗೆ ಮಾರನೆಯ ಬೆಳಿಗ್ಗೆ ಬುಲೆಟ್‌ನ ಹಿಂದೆ ತೋಟದಲ್ಲಿ ಅಲೆದು, ಅದು ಕೂತ ಕಡೆ ಕಾದು, ಬೇಕಾದ್ದನ್ನು ನನ್ನದೇ ಅಂಕಣದಲ್ಲಿ ಪೊಟ್ಟಣ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದೆ. ನನ್ನ ಬರಹ ಖಚಿತವಾಗಿ ಒಂದು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಮೊಟ್ಟೆಗಳಿದ್ದವು. ಡಾಕ್ಟರಮ್ಮ ನನಗೂ ತೋರಿಸಿದರು. ದುಂಡಗೆ, ದಪ್ಪ ಅಂಚಿನವು. ಕುರಿಯ ಗುಳ್ಳೆಯೊಳಗಿನ ಚುಕ್ಕಿಯ ಹಾಗೆಯೇ ನಿರಪರಾಧಿ ಮುಖ.

ಆಮೇಲಿನದನ್ನು ಬೇಗ ಹೇಳುತ್ತೇನೆ. ಬುಲೆಟ್‌ಗೆ ತೂಕ ನೋಡಿ ಲಾಡಿಹುಳದ ಮಾತ್ರೆ ಕೊಟ್ಟರು. ಮೂರು ದಿನ ಕಟ್ಟಿಹಾಕಿ, ಅದು ಹೇಲಿದ್ದನ್ನೆಲ್ಲ ಆಳಕ್ಕೆ ಹೂಳಬೇಕು ಎಂದರು. ಹೂತವಳು ನಾನು, ಶಾಲೆಗೆ ಎರಡು ದಿನ ರಜೆ ಹಾಕಿದೆ. (ರಜೆ ಅರ್ಜಿಯಲ್ಲಿ 'ಸ್ವಂತ ಕೆಲಸ' ಎಂದು ಬರೆದೆ. ಅದಕ್ಕಿಂತ ಸ್ವಂತ ಕೆಲಸ ಇನ್ನೊಂದಿಲ್ಲ.) ಅಂದಿನಿಂದ ಡಾಕ್ಟರಮ್ಮ ಹೇಳಿದ ಪ್ರಕಾರ ಮೂರು ತಿಂಗಳಿಗೊಮ್ಮೆ ಮಾತ್ರೆ. ಮುದ್ದೆಯ ತುತ್ತಿನಲ್ಲಿ ಅಡಗಿಸಿ ಕೊಟ್ಟರೆ ಮುದ್ದೆ ತಿಂದು ಮಾತ್ರೆ ಉಗುಳುತ್ತದೆ. ಬೆಲ್ಲದಲ್ಲಿ ಕೊಟ್ಟರೆ ನಡೆಯುತ್ತದೆ.

ಎರಡು ಮರಿಗಳಲ್ಲಿ ಬುರುಡೆ ಮೆತ್ತಗಾಗಿದ್ದುದಕ್ಕೆ ಆಪರೇಷನ್ ಮಾಡಿದರು. ಆಸ್ಪತ್ರೆಯ ಟೇಬಲ್ಲಿನ ಮೇಲೆ ಅದರ ಕಾಲು ಹಿಡಿದುಕೊಂಡವರು ಅತ್ತಿಗೆ. ತಲೆ ಹಿಡಿದುಕೊಂಡವಳು ನಾನು. ಹಿಡಿ ಎಂದು ಯಾರೂ ಹೇಳಲಿಲ್ಲ. ಸಣ್ಣ ತೂತಿನಿಂದ ಆ ಚೀಲ ನಿಧಾನವಾಗಿ, ಹರಿಯದೆ ಹೊರಗೆ ಬರುವುದನ್ನು ನೋಡಿದೆ. ಈ ಸಲ ಫೋಟೋ ತೆಗೆಯಲಿಲ್ಲ. ಆ ಮರಿ ಬದುಕಿದೆ. ತಲೆ ಸ್ವಲ್ಪ ಓರೆ ಉಳಿಯಿತು. ಏನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತದೆ. ಇನ್ನೊಂದು ಮರಿಗೆ ಗುಳ್ಳೆ ತುಂಬಾ ಆಳದಲ್ಲಿತ್ತು. ಅದು ಉಳಿಯಲಿಲ್ಲ. ತಲೆಸಮೇತ ಹೂತೆವು.

ಗುರುವಾರ ವ್ಯಾಪಾರಿಯ ಗಾಡಿ ಬಂತು. ಅತ್ತಿಗೆ ಅವನಿಗೆ ಕಾಫಿ ಕೊಟ್ಟು ವಾಪಸ್ಸು ಕಳಿಸಿದರು.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಅದನ್ನೂ ದಾಖಲಿಸಬೇಕು. ಕುರಿ ಮೇಕೆಗಳ ಈಲಿಯಲ್ಲಿ, ಶ್ವಾಸಕೋಶದಲ್ಲಿ ಇಂಥದೇ ನೀರ್ಗುಳ್ಳೆ ಕಾಣುವುದುಂಟು. ಅದು ನಾಯಿಯ ಇನ್ನೊಂದು ಬಗೆಯ ಲಾಡಿಹುಳದ್ದು. ಆ ಮೊಟ್ಟೆ ನಾಯಿಯ ಮೈಕೂದಲಿಗೆ ಅಂಟಿ, ನಾಯಿ ಸವರಿದ ಕೈಗೆ ಬಂದು, ತೊಳೆಯದ ಕೈಯಿಂದ ಮನುಷ್ಯರ ಹೊಟ್ಟೆಗೆ ಹೋದರೆ, ನಮ್ಮ ಈಲಿಯಲ್ಲೂ ಗುಳ್ಳೆ ಕಟ್ಟುತ್ತದೆ. ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲವಂತೆ. ನಾವು ಆ ಗುಳ್ಳೆಯ ಭಾಗವನ್ನು ಚಾಕುವಿನಲ್ಲಿ ಚೊಕ್ಕಟವಾಗಿ ಕೊಯ್ದು ತೆಗೆಯುತ್ತೇವೆ. ತೆಗೆದು ಏನು ಮಾಡುತ್ತೇವೆ? ಮೊದಲು ನಾನು ಹೀಗೆ ಕೇಳಿಕೊಂಡೇ ಇರಲಿಲ್ಲ.

ಮೊನ್ನೆ ಮತ್ತೆ ಹೊಸತೊಡಕು ಬಂತು.

ಈ ಸಲ ಕೊಯ್ದದ್ದು ಬೇರೆಯವರ ಟಗರು. ನೆಟ್ಟಗೆ ನಡೆಯುತ್ತಿದ್ದ ಟಗರು. ತಲೆ ಸರದಿಯವರ ಮನೆಗೆ ಹೋಯಿತು. ಬೆಳಿಗ್ಗೆಯೇ ನಾನು ಅಣ್ಣನ ಹಿತ್ತಲಲ್ಲಿ ತೊಡೆಮಟ್ಟದ ಗುಂಡಿ ತೋಡಿಸಿ, ಪಕ್ಕದಲ್ಲಿ ಒಂದು ಚಪ್ಪಡಿ ಇಟ್ಟಿದ್ದೆ. ಗುಡ್ಡೆಯ ಸುತ್ತ ಊರಿನ ನಾಯಿಗಳು ಕೂತಿದ್ದವು. ಒಂಬತ್ತು. ಬುಲೆಟ್ ಮನೆಯೊಳಗೆ, ಸರಪಳಿಯಲ್ಲಿ.

ಮುನಿರಾಜಣ್ಣ ಈಲಿ ಬಿಡಿಸುತ್ತಾ ಒಂದು ತುಂಡನ್ನು ಕೊಯ್ದು ತೆಗೆದರು. ಅದರ ಮೇಲೆ ಗೋಲಿಯಷ್ಟು ಗಾತ್ರದ ನೀರ್ಗುಳ್ಳೆ ಇತ್ತು. ಅವರ ಕೈ ತಾನಾಗಿಯೇ ನಾಯಿಗಳ ಕಡೆ ಬೀಸಿತು.

"ಮುನಿರಾಜಣ್ಣ, ಅದು ಗುಂಡಿಗೆ," ಎಂದರು ಅತ್ತಿಗೆ.

ಕೈ ಗಾಳಿಯಲ್ಲೇ ನಿಂತಿತು. "ಇಷ್ಟೇ ಇಷ್ಟು ಕಣಮ್ಮ. ವರ್ಷಕ್ಕೊಂದ್ ದಿನ ಅವೂ ಬಾಯಿ ಚಪ್ಪರಿಸ್ಲಿ."

"ಬೇಯ್ಸಿದ್ ಮೂಳೆ ನಾನ್ ಹಾಕ್ತೀನಿ. ಅದು ಗುಂಡಿಗೆ."

"ಈ ಟೀಚರಮ್ಮ ಹೋದ್ ವರ್ಷ ವಿಮಾನ ಅಂದ್ರು, ಈ ವರ್ಷ ನಾಯಿ ಅಂತಾರೆ. ಮುಂದಿನ ವರ್ಷ ಯಾರ್ ಸರದಿನೋ," ಎಂದು ಮುನಿರಾಜಣ್ಣ ಗೊಣಗಿದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ, ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ತುಂಡು ಗುಂಡಿಗೆ ಬಿತ್ತು. ಅತ್ತಿಗೆ ತಾವೇ ಚಪ್ಪಡಿ ಎಳೆದರು.

ಅದೊಂದು ಗುಡ್ಡೆ. ಅವತ್ತು ನಮ್ಮೂರಲ್ಲೇ ಇನ್ನೂ ನಾಲ್ಕು ಕಡೆ ಗುಡ್ಡೆ ಹಾಕಿದ್ದರು. ಮಧ್ಯಾಹ್ನ ದೇವನಹಳ್ಳಿಗೆ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಊರುಗಳು, ಊರುಗಳ ಅಂಚಿನಲ್ಲಿ ಹೊಂಗೆ ಮರ, ಮರದ ನೆರಳಿನಲ್ಲಿ ನಾಯಿ. ಒಂದೊಂದರ ಮುಂಗಾಲುಗಳ ನಡುವೆಯೂ ಏನೋ ಒಂದು ಇತ್ತು. ವಿಮಾನವೊಂದು ತಗ್ಗಿನಲ್ಲೇ ಹಾದುಹೋಯಿತು. ಒಂದು ನಾಯಿಯೂ ತಲೆ ಎತ್ತಲಿಲ್ಲ. ಸ್ವಲ್ಪ ದೂರದಲ್ಲಿ ಕುರಿಗಳು ಮೇಯುತ್ತಿದ್ದವು, ಅವೂ ಎತ್ತಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮ ಮನೆಯ ನಾಯಿ ಮೊನ್ನೆ ಹಬ್ಬಕ್ಕೆ ಏನು ತಿಂದಿತು, ಕೊಟ್ಟವರು ಯಾರು?